ಹುಳು ಮನೆಯ ಪೈ ಮತ್ತು ಮೆಮೊರಿ ಕಾರ್ಡ್: ಜರ್ನಲ್ ತೆಗೆಯಬೇಡಿ

ಶಿಡ್ಲಘಟ್ಟದ ಹತ್ತಿರ ನಮ್ಮ ರೇಷ್ಮೆ ಹುಳು ಸಾಕಣೆ ಮನೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್ ಇದೆ. ಬಿಸಿ ಎಷ್ಟು, ತೇವ ಎಷ್ಟು ಅಂತ ನಿಮಿಷಕ್ಕೊಮ್ಮೆ ಮೆಮೊರಿ ಕಾರ್ಡಿಗೆ ಬರೆದಿಡುತ್ತದೆ. ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ಜಾಗ) ಇದ್ದರೆ ಕಾರ್ಡ್ ಬೇಗ ಸವೆಯುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಅದನ್ನು ತೆಗೆದುಹಾಕಿದ್ದೆ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ವಾರ ಒಂದೇ ರಾತ್ರಿ ಮೂರು ಸಲ ಕರೆಂಟ್ ಹೋಗಿ ಬಂತು, ಬೆಳಗ್ಗೆ ಪೈ ಏಳಲೇ ಇಲ್ಲ, ರಿಪೇರಿ ಮಾಡಿ ನೋಡಿದರೆ ಫೈಲುಗಳೆಲ್ಲ ಹೆಸರು ಕಳೆದುಕೊಂಡು ಲಾಸ್ಟ್+ಫೌಂಡ್ ಫೋಲ್ಡರಿನಲ್ಲಿ ಬಿದ್ದಿದ್ದವು. ಆ ಬೆಳೆಯ ಲೆಕ್ಕ ಪೂರ್ತಿ ಹೋಯಿತು.

ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಇಎಕ್ಸ್‌ಟಿ4 ತಾನು ಏನು ಬದಲಾಯಿಸಲು ಹೊರಟಿದೆಯೋ ಅದನ್ನು ಮೊದಲು ಜರ್ನಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಆ ಗುರುತು ನೋಡಿ ಸರಿ ಮಾಡಿಕೊಳ್ಳುತ್ತದೆ. ಮಾಮೂಲಿ ಸೆಟ್ಟಿಂಗಿನಲ್ಲಿ ಅಲ್ಲಿಗೆ ಹೋಗುವುದು ಫೈಲಿನ ಹೆಸರು, ಅಳತೆ, ಜಾಗದ ಲೆಕ್ಕ ಮಾತ್ರ, ಒಳಗಿನ ವಿಷಯ ಅಲ್ಲ. ಹಾಗಾಗಿ ಕೊನೆಯ ಕೆಲವು ರೀಡಿಂಗ್ ಹೋಗಬಹುದು, ಹಳೆಯದು ಉಳಿಯುತ್ತದೆ.

ಇನ್ನು ಸವೆತ. ಜರ್ನಲ್ ಒಂದೇ ಜಾಗವನ್ನು ಸವೆಸುತ್ತದೆ ಅನ್ನೋ ಭಯ ಬೇಡ, ಕಾರ್ಡಿನೊಳಗಿನ ಕಂಟ್ರೋಲರ್ ಬರಹವನ್ನು ಬೇರೆ ಬೇರೆ ಬ್ಲಾಕಿಗೆ ಹಂಚುತ್ತದೆ. ತೊಂದರೆ ಇರುವುದು ಚಿಕ್ಕ ಚಿಕ್ಕ ಬರಹಗಳಲ್ಲಿ. ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಪೇಜ್ (ಚಿಕ್ಕ ತುಣುಕು) ಲೆಕ್ಕ, ಅಳಿಸುವುದು ಮಾತ್ರ ತುಂಬಾ ಪೇಜ್ ಇರುವ ಇಡೀ ಬ್ಲಾಕ್ ಲೆಕ್ಕ. ಒಂದು ಸಾಲು ಸೇರಿಸಿದರೂ ಒಳಗೆ ಕೆಲಸ ಜಾಸ್ತಿ.

ಮೊದಲು ಜರ್ನಲ್ ಇದೆಯಾ ನೋಡಿ. ಟ್ಯೂನ್2ಎಫ್‌ಎಸ್ ಕಮಾಂಡಿಗೆ ಸಣ್ಣ ಅಕ್ಷರದ ಮೈನಸ್ ಎಲ್ ಕೊಟ್ಟರೆ ಬರುವ ಪಟ್ಟಿಯಲ್ಲಿ ಹ್ಯಾಸ್_ಜರ್ನಲ್ ಇರಬೇಕು. ಇಲ್ಲದಿದ್ದರೆ ಕಾರ್ಡನ್ನು ಬೇರೆ ಲಿನಕ್ಸ್ ಕಂಪ್ಯೂಟರಿಗೆ ಹಾಕಿ, ಮೌಂಟ್ ಮಾಡದೆ (ಬಳಕೆಗೆ ತೆರೆಯದೆ) ತಪ್ಪು ಹುಡುಕಿ ಸರಿ ಮಾಡುವ ಇ2ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಿ, ಆಮೇಲೆ ಟ್ಯೂನ್2ಎಫ್‌ಎಸ್‌ಗೆ ಸಣ್ಣ ಅಕ್ಷರದ ಮೈನಸ್ ಜೆ ಕೊಡಿ.

ಆಮೇಲೆ ಯಾವ ಡಿಸ್ಕ್ ಹೇಗೆ ತೆರೆಯಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ, ಈ ಕಾರ್ಡಿನ ಸಾಲಿಗೆ ನೋಎಟೈಮ್ ಮತ್ತು ಕಮಿಟ್=60 ಸೇರಿಸಿ. ಮೊದಲನೆಯದರಿಂದ ಫೈಲ್ ಸುಮ್ನೆ ಓದಿದ್ದಕ್ಕೂ ಬರೆಯುವುದು ನಿಲ್ಲುತ್ತದೆ. ಎರಡನೆಯದರಿಂದ 5 ಸೆಕೆಂಡಿಗೊಮ್ಮೆ ಆಗುವ ಕಮಿಟ್ (ಬದಲಾವಣೆಗಳನ್ನು ಕಾರ್ಡಿಗೆ ಬರೆಯುವುದು) 60 ಸೆಕೆಂಡಿಗೊಮ್ಮೆ ಆಗುತ್ತದೆ, ಕರೆಂಟ್ ಹೋದರೆ ಒಂದು ನಿಮಿಷದ್ದು ಹೋಗಬಹುದು, ಹುಳು ಮನೆಗೆ ಅಷ್ಟು ಪರವಾಗಿಲ್ಲ ಅಲ್ವಾ? ಆದರೆ ನಿಮ್ಮ ಪ್ರೋಗ್ರಾಂ ಪ್ರತಿ ಸಾಲಿಗೂ ಎಫ್‌ಸಿಂಕ್ (ಈಗಲೇ ಬರೆ ಅನ್ನೋ ಆದೇಶ) ಕರೆಯುತ್ತಿದ್ದರೆ ಈ 60ರಿಂದ ಏನೂ ಪ್ರಯೋಜನವಿಲ್ಲ, ತಕ್ಷಣ ಕಾರ್ಡಿಗೆ ಹೋಗುತ್ತದೆ. ನಾನು ಹತ್ತು ರೀಡಿಂಗ್ ಮೆಮೊರಿಯಲ್ಲೇ ಕೂಡಿಟ್ಟು ಒಂದೇ ಸಲ ಬರೆಸುತ್ತೇನೆ. ಹೆಚ್ಚು ಉಪಯೋಗವಾದದ್ದು ಇದೇ. ಡೇಟಾ=ಜರ್ನಲ್ ಅನ್ನೋ ಸೆಟ್ಟಿಂಗ್ ಮಾತ್ರ ಹಾಕಬೇಡಿ, ಫೈಲಿನ ವಿಷಯವೂ ಸೇರಿ ಎಲ್ಲವನ್ನೂ ಎರಡೆರಡು ಸಲ ಬರೆಯುತ್ತದೆ.

ಫ್ಲ್ಯಾಶ್‌ಗೆಂದೇ ಸ್ಯಾಮ್‌ಸಂಗ್ ಮಾಡಿದ ಎಫ್2ಎಫ್‌ಎಸ್ ಅನ್ನೋ ಇನ್ನೊಂದು ಫೈಲ್ ವ್ಯವಸ್ಥೆ ಕೂಡ 2013ರಿಂದ ಲಿನಕ್ಸ್ ಕರ್ನಲ್‌ನಲ್ಲಿದೆ. ಇಎಕ್ಸ್‌ಟಿ4 ರಿಪೇರಿ ನನಗೆ ಗೊತ್ತು ಅಂತ ಇದರಲ್ಲೇ ಇದ್ದೇನೆ.

ಜರ್ನಲ್ ಇದ್ದರೂ ಬರೆಯುವಾಗಲೇ ಕರೆಂಟ್ ಹೋದರೆ ಕಳಪೆ ಕಾರ್ಡಿನ ಕಂಟ್ರೋಲರ್ ಗೊಂದಲವಾಗಬಹುದು. ದಿನಕ್ಕೊಮ್ಮೆ ಇನ್ನೊಂದು ಕಡೆ ಕಾಪಿ ಇಡಿ. ಎಲ್ಲ ಆದ ಮೇಲೆ, ಚಾಕಿ (ಮರಿ ಹುಳು) ತರುವ ಮುಂಚೆ, ಹುಳು ಮನೆ ಖಾಲಿ ಇರುವಾಗಲೇ ಬೇರೆ ಕಾರ್ಡ್ ಹಾಕಿ ನಾಲ್ಕೈದು ಸಲ ಪ್ಲಗ್ ಕಿತ್ತು ನೋಡಿ. ಮತ್ತೆ ಆನ್ ಆದಾಗ ಬೂಟ್ ಲಾಗ್‌ನಲ್ಲಿ 'ರಿಕವರಿಂಗ್ ಜರ್ನಲ್' ಅಥವಾ 'ರಿಕವರಿ ಕಂಪ್ಲೀಟ್' ಅನ್ನೋ ಸಾಲು ಬಂದು ಫೈಲುಗಳು ತೆರೆದರೆ, ಆ ಕಾರ್ಡನ್ನೇ ಕೆಲಸಕ್ಕೆ ಹಾಕಿ.