ಸರ್ವೆ ನಂಬರ್ ಹಿಡಿದು ಮುತ್ತಾತನವರೆಗೆ: ಕಚೇರಿ ಕಡತಗಳಲ್ಲಿ ವಂಶವೃಕ್ಷ ಹುಡುಕುವ ನನ್ನ ಅನುಭವ

ವಂಶವೃಕ್ಷ ಅಂದ ಕೂಡಲೇ ನಾಡಕಚೇರಿಯಲ್ಲಿ ಕೊಡುವ ಪ್ರಮಾಣಪತ್ರ ನೆನಪಾಗುತ್ತದೆ. ಅದು ನಾವು ಬರೆದುಕೊಟ್ಟ ಹೆಸರುಗಳನ್ನು ವಿಚಾರಿಸಿ ಕಚೇರಿ ಹಾಕಿಕೊಡುವ ಮೊಹರು ಅಷ್ಟೆ. ನಮಗೆ ಗೊತ್ತಿಲ್ಲದ ಒಂದು ಹೆಸರೂ ಅದರಲ್ಲಿ ಹೊಸದಾಗಿ ಬರುವುದಿಲ್ಲ. ಗೊತ್ತಿಲ್ಲದ ಹೆಸರುಗಳು ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಉಪನೋಂದಣಿ ಕಚೇರಿಯ ಹಳೆಯ ಸಂಪುಟಗಳಲ್ಲಿ, ಕೋರ್ಟಿನ ಹಳೆಯ ದಾವೆಗಳಲ್ಲಿ.

ನಮ್ಮ ಕಂದಾಯ ಇಲಾಖೆ ಬರೆದಿಟ್ಟದ್ದು ಮನುಷ್ಯರ ಚರಿತ್ರೆಯಲ್ಲ, ಜಮೀನಿನ ಲೆಕ್ಕ. ಕಂದಾಯ ಕಟ್ಟುವವನು ಸತ್ತರೆ ಮುಂದೆ ಯಾರು ಕಟ್ಟಬೇಕು ಅನ್ನುವುದಷ್ಟೇ ಅದಕ್ಕೆ ಬೇಕಿತ್ತು. ಆ ಕಾರಣಕ್ಕೇ ಖಾತೆದಾರರ ಸಾವಿಗೆ ಒಂದು ಸಾಲು ಉಳಿದಿದೆ. ಹೆಸರು ಹಿಡಿದು ಹೊರಟರೆ ಒಂದೇ ಊರಲ್ಲಿ ಹತ್ತು ಜನ ಸಿದ್ದೇಗೌಡರು ಸಿಗುತ್ತಾರೆ. ಸರ್ವೆ ನಂಬರ್ ಹಿಡಿದು ಹೊರಟರೆ ನಮ್ಮ ಸಿದ್ದೇಗೌಡರು ಸಿಗುತ್ತಾರೆ.

ಕಚೇರಿಗೆ ಹೋಗುವ ಮೊದಲು ಮನೆಯ ಟ್ರಂಕು ಬಿಚ್ಚಬೇಕು. ಕಂದಾಯದ ರಸೀದಿ, ಪಟ್ಟಾ ಪುಸ್ತಕ, ಪಾಲುಪಟ್ಟಿ, ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲವೂ ಬೇಕು. ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು ಬಾಯಲ್ಲೇ ಇರುತ್ತದೆ. ಪಿತೃಪಕ್ಷದಲ್ಲಿ ಎಡೆ ಇಡುವ ಮನೆಗಳಲ್ಲಿ ವಯಸ್ಸಾದ ಹೆಂಗಸರನ್ನು ಕೇಳಿ, ಗಂಡಸರಿಗಿಂತ ಅವರಿಗೇ ಹೆಚ್ಚು ಹೆಸರು ಗೊತ್ತು. ತಿಥಿ ಗೊತ್ತಿದ್ದರೆ ತೀರಿಕೊಂಡ ಮಾಸ ಮತ್ತು ಪಕ್ಷ ತಿಳಿಯುತ್ತದೆ, ವರ್ಷ ತಿಳಿಯುವುದಿಲ್ಲ. ವರ್ಷವನ್ನು ಕಡತದಿಂದ ತರಬೇಕು.

ಈಗ ಪಹಣಿ, ಅಂದರೆ ಒಂದೊಂದು ಸರ್ವೆ ನಂಬರಿನ ಖಾತೆ, ಬೆಳೆ ತೋರಿಸುವ ಹಾಳೆ. ಭೂಮಿ ತಂತ್ರಾಂಶದ ಇಂದಿನ ಪಹಣಿಯಲ್ಲಿ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ನೇ ಕಾಲಂನಲ್ಲಿ ಹಕ್ಕು ಬಂದ ಬಗೆ ಇರುತ್ತದೆ. ಹೆಚ್ಚಿನವರು 9 ನೋಡಿ ಮಡಚಿಡುತ್ತಾರೆ. ನಮಗೆ ಬೇಕಾದ್ದು 10. ಅಲ್ಲಿ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಅಂತಲೋ ಐ.ಎಚ್.ಸಿ. (ವಾರಸಾ ಬದಲಾವಣೆ) ಅಂತಲೋ ಒಂದು ನಂಬರು ಮತ್ತು ವರ್ಷ ಇರುತ್ತದೆ. ಆ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ನಕಲು ತೆಗೆಸಿದರೆ ಹಿಂದಿನ ಖಾತೆದಾರರು ಸಿಗುತ್ತಾರೆ. ಅವರ ಹೆಸರು ಇರುವ ಹಳೆಯ ಪಹಣಿಯ 10ನೇ ಕಾಲಂ ಇನ್ನೂ ಹಿಂದಿನ ಮ್ಯುಟೇಷನ್ ತೋರಿಸುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಕೈಬರಹದ ಪಹಣಿಗಳಲ್ಲಿ ಸಾಮಾನ್ಯವಾಗಿ ಐದೈದು ವರ್ಷ ಒಂದೇ ಪುಟದಲ್ಲಿರುತ್ತದೆ, ಹೆಚ್ಚಿನ ಕಡೆ 1960ರ ದಶಕದ ಕೊನೆಯವರೆಗೆ ಹೋಗಬಹುದು. ಅದಕ್ಕೂ ಹಿಂದೆ ಹಳೆ ಮೈಸೂರಿನಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳಿವೆ. ಕಚೇರಿಯಲ್ಲಿ ಐ.ಎಲ್., ಆರ್.ಆರ್. ಅಂದರೆ ಸಾಕು.

ಖಾತೆದಾರರು ತೀರಿದ ಮೇಲೆ ವಾರಸುದಾರರ ಹೆಸರಿಗೆ ಆಗುವ ಖಾತೆಯೇ ಪೌತಿ ಖಾತೆ. ಅದರ ಒಂದು ಹಳೆಯ ನಮೂದು ಹೇಗಿರುತ್ತದೆ ಅನ್ನುವುದಕ್ಕೆ ನಾನೇ ಕಟ್ಟಿದ ಮಾದರಿ ಇದು: “ಸ.ನಂ. 45/2, 1 ಎ. 12 ಗುಂ., ಖಾತೆದಾರ ಸಿದ್ದೇಗೌಡ ಬಿನ್ ಕೆಂಪೇಗೌಡ ಫೌತಿಯಾದ್ದರಿಂದ ಹೆಂಡತಿ ನಿಂಗಮ್ಮ ಕೋಂ ಲೇಟ್ ಸಿದ್ದೇಗೌಡ, ಮಗ ಕೆಂಪೇಗೌಡ, ಮಗ ಮರೀಗೌಡ ಮೈನರ್, ಗಾರ್ಡಿಯನ್ ತಾಯಿ.” ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ. ಈ ಎರಡು ಸಾಲಲ್ಲಿ ಮೂರು ತಲೆಮಾರು ಬಂತು. ಹಿರಿಯ ಮಗನಿಗೆ ತಾತನ ಹೆಸರಿಟ್ಟದ್ದು ಕಂಡಿತು. ಕಿರಿಯವನು ಮೈನರ್ ಆದ್ದರಿಂದ ಹದಿನೆಂಟು ತುಂಬಿರಲಿಲ್ಲ, ಅಂದರೆ ಹುಟ್ಟಿದ ವರ್ಷಕ್ಕೆ ಒಂದು ಗಡಿ ಸಿಕ್ಕಿತು. ತಾಯಿ ಆ ದಿನಕ್ಕೆ ಬದುಕಿದ್ದರು. ಹೆಣ್ಣುಮಕ್ಕಳ ಹೆಸರಿಲ್ಲ, ಆದರೆ ಹೆಣ್ಣುಮಕ್ಕಳೇ ಇರಲಿಲ್ಲ ಎಂದು ತೀರ್ಮಾನಿಸಬಾರದು. ಉತ್ತರ ಕರ್ನಾಟಕದ ಪುಸ್ತಕಗಳಲ್ಲಿ ಮೈನರ್, ಗಾರ್ಡಿಯನ್ ಜಾಗದಲ್ಲಿ ಅ.ಪಾ.ಕ. ಎಂದಿರುತ್ತದೆ, ಅಜ್ಞಾನ ಪಾಲನ ಕರ್ತ, ಅಂದರೆ ಮೈನರ್‌ನ ಪಾಲಕರು ಅಂತ. ಅಲ್ಲಿ ವಾರಸಾ ದಾಖಲಾಗಬೇಕಾದರೆ ‘ವರ್ದಿ’, ಅಂದರೆ ತಿಳುವಳಿಕೆಯ ಅರ್ಜಿ ಕೊಡುವುದು ರೂಢಿ.

ದಾರಿ ತಪ್ಪುವುದು ಎರಡು ಕಡೆ. ಒಂದು, ಸರ್ವೆ ನಂಬರೇ ಒಡೆದುಕೊಂಡಿರುತ್ತದೆ. 45 ಇದ್ದದ್ದು ಪಾಲಾದ ಮೇಲೆ 45/1, 45/2 ಆಗುತ್ತದೆ, ಪೋಡಿಯಾದ (ಅಳೆದು ಬೇರೆ ಮಾಡಿದ) ಮೇಲೆ ಮತ್ತೊಂದು ಹಿಸ್ಸಾ, ಅಂದರೆ ತುಂಡು. ಆಗ ಸರ್ವೆ ಶಾಖೆಯಲ್ಲಿ ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಹಿಸ್ಸಾ ಟಿಪ್ಪಣಿ (ಅಳತೆಯ ನಕ್ಷೆ), ಪಕ್ಕಾ ಬುಕ್ ಮೂರನ್ನೂ ಕೇಳಿ. ಹಿಸ್ಸಾ ಅಳೆದ ದಿನ ಯಾವ ತುಂಡು ಯಾರ ಅನುಭವದಲ್ಲಿತ್ತು ಅನ್ನುವುದು ಪಕ್ಕಾ ಬುಕ್ಕಿನಲ್ಲಿ ಹೆಸರಿನೊಂದಿಗೆ ಇರುತ್ತದೆ. ಅಣ್ಣತಮ್ಮಂದಿರ ಹೊಲಗಳು ಅಲ್ಲಿ ಪಕ್ಕಪಕ್ಕದಲ್ಲೇ ಕಾಣುತ್ತವೆ. ಎರಡು, ತಾಲ್ಲೂಕು ಜಿಲ್ಲೆಗಳು ಬದಲಾಗಿವೆ. ಚಾಮರಾಜನಗರ, ಉಡುಪಿ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ದಾವಣಗೆರೆ ಜಿಲ್ಲೆಗಳಾದದ್ದು 1997ರಲ್ಲಿ, ರಾಮನಗರ ಮತ್ತು ಚಿಕ್ಕಬಳ್ಳಾಪುರ 2007ರಲ್ಲಿ. ಊರು ಹೊಸ ಕಚೇರಿಗೆ ಸೇರಿದ್ದರೂ ಕಡತ ಹಳೆಯ ಕಚೇರಿಯಲ್ಲೇ ಕೂತಿರಬಹುದು. ಎರಡೂ ಕಡೆ ಅರ್ಜಿ ಹಾಕಿ.

ನಕಲು ಅರ್ಜಿಯಲ್ಲಿ “ನಮ್ಮ ಕುಟುಂಬದ ಎಲ್ಲ ದಾಖಲೆ ಕೊಡಿ” ಎಂದು ಬರೆದರೆ ಯಾರೂ ಹುಡುಕುವುದಿಲ್ಲ, ಹುಡುಕಲು ಆಗುವುದೂ ಇಲ್ಲ. ರೆಕಾರ್ಡ್ ರೂಮಿನ ಕಟ್ಟುಗಳು ಹೋಬಳಿ, ಗ್ರಾಮ, ವರ್ಷದ ಮೇಲೆ ಜೋಡಿಸಿರುತ್ತವೆ. ಗ್ರಾಮ, ಹೋಬಳಿ, ಸರ್ವೆ ನಂಬರ್, ದಾಖಲೆಯ ಹೆಸರು, ನಂಬರು, ವರ್ಷ ಇಷ್ಟನ್ನೂ ಬರೆಯಿರಿ. ಒಂದು ಅರ್ಜಿಗೆ ಒಂದೇ ದಾಖಲೆ. ಸಿಗಲಿಲ್ಲ ಎಂದು ಬಾಯಲ್ಲಿ ಹೇಳಿದರೆ ಲಿಖಿತ ಹಿಂಬರಹ ಕೇಳಿ. ಹಿಂಬರಹ ಕೊಡಬೇಕಾದರೆ ಸಹಿ ಹಾಕಬೇಕು, ಸಹಿ ಹಾಕುವ ಮೊದಲು ಇನ್ನೊಮ್ಮೆ ಹುಡುಕುತ್ತಾರೆ. “ಲಭ್ಯವಿಲ್ಲ” ಎಂದು ಹೇಳಿದ್ದ ಪುಸ್ತಕ ಹಿಂಬರಹ ಕೇಳಿದ ಮೇಲೆ ಸಿಕ್ಕಿದ್ದನ್ನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಇದರಲ್ಲಿ “ಯಾಕೆ”, “ಹೇಗೆ” ಕೇಳಬಾರದು. ಇಂಥ ಗ್ರಾಮದ ಇಂಥ ವರ್ಷದ ಮ್ಯುಟೇಷನ್ ರಿಜಿಸ್ಟರ್ ಪರಿಶೀಲನೆಗೆ ಅವಕಾಶ ಕೊಡಿ ಎಂದು ಬರೆಯಿರಿ. ಒಂದು ಪುಟದ ನಕಲಿಗಿಂತ ಪುಸ್ತಕವನ್ನೇ ತಿರುವಿ ನೋಡುವ ಅವಕಾಶ ದೊಡ್ಡದು. ನಮ್ಮ ಪುಟದ ಹಿಂದೆಮುಂದೆಯೇ ದಾಯಾದಿಗಳ ಪುಟ ಇರುತ್ತದೆ. ವಿದೇಶದಲ್ಲಿರುವವರು ಊರಿನ ನೆಂಟರೊಬ್ಬರ ಹೆಸರಿನಲ್ಲೇ ಅರ್ಜಿ ಹಾಕಿಸಿದರೆ ಸುಲಭ, ಪರಿಶೀಲನೆಗೆ ಎದುರಿಗೆ ಹೋಗಬೇಕಾಗುತ್ತದೆ.

ಪಹಣಿ ಮ್ಯುಟೇಷನ್‌ಗಿಂತ ಹೆಚ್ಚು ಹೆಸರು ತುಂಬಿಕೊಂಡಿರುವ ಕಡತಗಳಿವೆ, ಅವುಗಳ ಬಗ್ಗೆ ಯಾರೂ ಹೇಳುವುದಿಲ್ಲ. ಮೊದಲನೆಯದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯ ಕಡತ. ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಹುದ್ದೆಗೆ ಅಂಟಿದ್ದ ಜಮೀನನ್ನು ಮರುಮಂಜೂರು ಮಾಡುವಾಗ, ಹುದ್ದೆ ಯಾರಿಂದ ಯಾರಿಗೆ ಬಂತು ಎಂದು ಸಾಬೀತು ಮಾಡಬೇಕಿತ್ತು. ಅದಕ್ಕಾಗಿ ನಾಲ್ಕೈದು ತಲೆಮಾರಿನ ವಂಶವೃಕ್ಷ ಕಡತಕ್ಕೆ ಸೇರಿರುತ್ತದೆ, ಎಲ್ಲ ಕವಲುಗಳ ಸಮೇತ. 1954 ಮತ್ತು 1955ರ ಇನಾಂ ರದ್ದಿಯಾತಿ ಕಡತಗಳೂ ಹೀಗೆಯೇ. ಗೇಣಿದಾರರ ಮನೆತನವಾದರೆ 1974ರ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗೆ ಹಾಕಿದ 7ನೇ ನಮೂನೆಯ ಅರ್ಜಿ ಮತ್ತು ವಿಚಾರಣೆಯ ಹೇಳಿಕೆಗಳನ್ನು ಕೇಳಿ. “ನನ್ನ ತಂದೆಯ ಕಾಲದಿಂದ ಗೇಣಿ ಮಾಡುತ್ತಿದ್ದೇವೆ” ಎಂದು ನಿಮ್ಮ ತಾತನೇ ಹೇಳಿ ಹೆಬ್ಬೆಟ್ಟು ಒತ್ತಿದ ಹಾಳೆ ಅಲ್ಲಿರಬಹುದು. ದಲಿತ ಕುಟುಂಬಗಳಿಗೆ ದರಖಾಸ್ತು, ಅಂದರೆ ಸರ್ಕಾರಿ ಜಮೀನಿನ ಮಂಜೂರಾತಿ ಕಡತ, ಮತ್ತು ಹಾಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಉಪವಿಭಾಗಾಧಿಕಾರಿ ಮುಂದೆ ನಡೆದ ಪ್ರಕರಣಗಳು ತುಂಬ ಮುಖ್ಯ. ಮೂಲ ಮಂಜೂರಾತಿದಾರರಿಂದ ಅರ್ಜಿದಾರರವರೆಗಿನ ಕೊಂಡಿ ಅದರಲ್ಲಿ ಪೂರ್ತಿ ಇರುತ್ತದೆ. ಹೊಲವಿಲ್ಲದವರಿಗೆ ದಾಖಲೆಯೇ ಇಲ್ಲ ಎಂಬ ಮಾತನ್ನು ಈ ಕಡತಗಳನ್ನು ನೋಡದೆ ಒಪ್ಪಬೇಡಿ.

ಜನನ ಮರಣ ದಾಖಲೆಯ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. 1969ರ ಕಾಯ್ದೆಗಿಂತ ಹಿಂದಿನ ಹಳ್ಳಿಯ ಪುಸ್ತಕಗಳು ತಾಲ್ಲೂಕು ಕಚೇರಿಗೆ ಬಂದು ಸೇರಿದ್ದರೂ ಎಷ್ಟೋ ಹೆರಿಗೆಗಳು ಬರೆಸಿಕೊಂಡೇ ಇಲ್ಲ. ಬರೆದಲ್ಲೂ ಮಗುವಿನ ಹೆಸರಿರುವುದಿಲ್ಲ, “ಗಂಡು”, “ಹೆಣ್ಣು” ಅಷ್ಟೆ. ತಂದೆಯ ಹೆಸರಿನ ಮೇಲೆ ಹುಡುಕಬೇಕು. ಶಾಲೆಯ ದಾಖಲಾತಿ ರಿಜಿಸ್ಟರ್ ಇದಕ್ಕಿಂತ ಚೆನ್ನಾಗಿ ಉಳಿದಿದೆ. ಅದರಲ್ಲಿ ಜೂನ್ 1 ಎಂಬ ಹುಟ್ಟಿದ ದಿನ ಕಂಡರೆ ನಂಬಬೇಡಿ. ಶಾಲೆಗೆ ಸೇರಿಸಿಕೊಳ್ಳಲು ಮೇಷ್ಟ್ರು ಹಾಕಿದ ದಿನಾಂಕ ಅದು.

ರಾಜ್ಯ ಪತ್ರಾಗಾರಕ್ಕೆ ಹೋಗುವುದು ಇಷ್ಟೆಲ್ಲ ಆದ ಮೇಲೆ. ಅಲ್ಲಿಯ ಪಟ್ಟಿಗಳು ಇಲಾಖೆ ಮತ್ತು ವರ್ಷದ ಮೇಲಿವೆ, ವ್ಯಕ್ತಿಯ ಹೆಸರಿನ ಮೇಲಲ್ಲ. ಇನಾಂ, ಮುಜರಾಯಿ, ಅರಮನೆ ಅಥವಾ ಸರ್ಕಾರಿ ನೌಕರಿಯ ಸಂಬಂಧವಿದ್ದ ಮನೆತನಕ್ಕೆ ಮಾತ್ರ ಅಲ್ಲಿ ಏನಾದರೂ ದಕ್ಕುತ್ತದೆ. ಬೆಂಗಳೂರಿನ ಕೇಂದ್ರ ಕಚೇರಿಯಲ್ಲದೆ ಮೈಸೂರು, ಧಾರವಾಡಗಳಲ್ಲಿ ವಿಭಾಗೀಯ ಕಚೇರಿಗಳಿವೆ. ಗುರುತಿನ ಚೀಟಿ, ಉದ್ದೇಶ ಬರೆದ ಪತ್ರ ಒಯ್ಯಿರಿ. ಆದರೆ ಯಾವ ಊರಿನ ಪತ್ರಾಗಾರ ಅನ್ನುವುದನ್ನು 1956ಕ್ಕಿಂತ ಹಿಂದಿನ ನಕ್ಷೆ ನೋಡಿ ತೀರ್ಮಾನಿಸಬೇಕು. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯ ಮೇಲ್ಮಟ್ಟದ ಕಡತ ಮುಂಬಯಿ ಕಡೆಯವು. ದಕ್ಷಿಣ ಕನ್ನಡ ಮತ್ತು 1953ರವರೆಗಿನ ಬಳ್ಳಾರಿಯವು ಮದರಾಸಿನವು, ಚೆನ್ನೈನ ಎಗ್ಮೋರ್‌ನಲ್ಲಿ ಹುಡುಕಬೇಕು. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಹೋದದ್ದರಿಂದ ಎರಡೂ ಕಡೆ ನೋಡಬೇಕು. ಕಲಬುರಗಿ, ರಾಯಚೂರು, ಬೀದರ್ ಆದರೆ ಹೈದರಾಬಾದು, ಕಡತ ಉರ್ದುವಿನಲ್ಲಿರುತ್ತದೆ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ. ಓದಿಸುವವರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ. ಕರಾವಳಿಯ ಅಳಿಯಸಂತಾನದ ಮನೆತನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದದ್ದರಿಂದ, ಖಾತೆ ಸೋದರಮಾವನಿಂದ ಸೋದರಳಿಯನಿಗೆ ಹೋದದ್ದನ್ನು ತಂದೆಮಗ ಎಂದು ಬರೆದುಕೊಂಡರೆ ಮರವೇ ತಲೆಕೆಳಗಾಗುತ್ತದೆ.

ತಾರೀಖು ಹೊಂದಿಸುವ ಲೆಕ್ಕ ಸುಲಭ. ಫಸಲಿಗೆ, ಅಂದರೆ ಕಂದಾಯದ ವರ್ಷಕ್ಕೆ, 590 ಕೂಡಿಸಿದರೆ ಆ ವರ್ಷ ಶುರುವಾಗುವ ಇಸವಿ: ಫಸಲಿ 1340 ಅಂದರೆ 1930-31. ಶಕೆಗೆ 78 ಕೂಡಿಸಿ. ಬರೀ ಸಂವತ್ಸರ ಇದ್ದರೆ ಅರವತ್ತು ವರ್ಷದ ಆವರ್ತ ನೆನಪಿಡಿ. ಪಾಲುಪಟ್ಟಿಯಲ್ಲಿ ಪ್ರಮೋದೂತ ಎಂದಿದ್ದರೆ 1870 ಆಗಬಹುದು, 1930 ಆಗಬಹುದು. ಯಾವುದು ಅನ್ನುವುದನ್ನು ಛಾಪಾ ಕಾಗದವೂ ಸಾಕ್ಷಿದಾರರ ಹೆಸರೂ ಹೇಳುತ್ತವೆ. ಪ್ರತಿ ನಕಲಿನ ಹಿಂದೆ ಕಚೇರಿ, ರಿಜಿಸ್ಟರ್, ಪುಟ, ಪಡೆದ ದಿನ ಪೆನ್ಸಿಲಿನಲ್ಲಿ ಬರೆದಿಡಿ. ಎರಡು ಬೇರೆ ಬೇರೆ ಕಡತಗಳಲ್ಲಿ ಸಿಕ್ಕ ಹೆಸರನ್ನಷ್ಟೇ ಮರದ ಮೇಲೆ ಶಾಯಿಯಲ್ಲಿ ಬರೆಯುವುದು ನನ್ನ ಪದ್ಧತಿ.

ಉಳಿದದ್ದು ಹೆಣ್ಣುಮಕ್ಕಳು, ನನಗೆ ಅತಿ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಮದುವೆಯಾಗಿ ಹೋದವರನ್ನು ತವರಿನ ಪೌತಿ ಖಾತೆ ಬಿಟ್ಟುಬಿಡುತ್ತದೆ. ಗಂಡನ ಊರಿನ ಪಹಣಿಯಲ್ಲಿ ಅವರು ಗಂಡ ತೀರಿದ ಮೇಲೆ “ಕೋಂ” ಆಗಿ ಬರುತ್ತಾರೆ, ಆದರೆ ತಂದೆಯ ಹೆಸರಿರುವುದಿಲ್ಲ. ತಂದೆ, ಗಂಡ ಇಬ್ಬರ ಹೆಸರೂ ಒಂದೇ ಕಡೆ ಸಿಗುವುದು ಉಪನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ, ಹಕ್ಕು ಖುಲಾಸೆ (ಪಾಲು ಬಿಟ್ಟುಕೊಟ್ಟ) ಪತ್ರ, ದಾನಪತ್ರ, ವಿಭಾಗ ಪತ್ರಗಳಲ್ಲಿ. ಆ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೂರನೇ ಪುಸ್ತಕದ ಉಯಿಲಿನ ನಕಲು ಬರೆದವರು ತೀರಿದ ಮೇಲೆ ಸಿಗುತ್ತದೆ. ಒಂದನೇ ಸೂಚಿ ಹೆಸರಿನದು, ಎರಡನೇ ಸೂಚಿ ಆಸ್ತಿಯದು. ಕಂಪ್ಯೂಟರ್ ಬರುವ ಮೊದಲಿನ ವರ್ಷಗಳಿಗೆ ಎರಡನೇ ಸೂಚಿಯನ್ನು ಸರ್ವೆ ನಂಬರ್ ಹಿಡಿದು ಕೈಯಿಂದಲೇ ತಿರುವಬೇಕು. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ ಮೇಲಿನ ಪತ್ರಗಳನ್ನೂ ಕೋರ್ಟಿನ ವಿಭಾಗ ದಾವೆಗಳನ್ನೂ ವಿಶೇಷವಾಗಿ ನೋಡಿ. ದಾವೆಯ ಜೊತೆ ಲಗತ್ತಿಸಿದ ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಬಿಟ್ಟರೆ ಎದುರು ಪಾರ್ಟಿ ಆಕ್ಷೇಪ ಎತ್ತುತ್ತದೆ, ಹಾಗಾಗಿ ತೀರಿಹೋದ ಅತ್ತೆಯರ ಹೆಸರೂ ಅವರ ಮಕ್ಕಳ ಹೆಸರೂ ಅಲ್ಲಿ ಬಂದಿರುತ್ತದೆ. ಖುಲಾಸೆ ಪತ್ರದ ಕೊನೆಯ ಪುಟದಲ್ಲಿ ಸಾಲಾಗಿ ಹೆಬ್ಬೆಟ್ಟುಗಳಿರುತ್ತವೆ, ಪ್ರತಿಯೊಂದರ ಪಕ್ಕದಲ್ಲೂ “ಇಂಥವರ ಮಗಳು, ಇಂಥವರ ಹೆಂಡತಿ, ಇಂಥ ಊರು” ಎಂದು ಪತ್ರ ಬರೆದವರ ಅಕ್ಷರ. ಅದರಲ್ಲಿನ ಊರಿನ ಹೆಸರು ಬರೆದುಕೊಳ್ಳಿ. ಮುಂದಿನ ಸರ್ವೆ ನಂಬರ್ ಆ ಊರಿನಲ್ಲಿದೆ.