ದೂರು ಬರೆಯುವ ಮೊದಲು ಸಾಕ್ಷ್ಯ ಕಾಪಾಡಿಕೊಳ್ಳಿ

ಕಂಪನಿಗಳ ಮೇಲೆ ದೂರು ಕೊಡುವವರ ಕಾಗದಪತ್ರ ಜೋಡಿಸಿಕೊಡುವುದು ನನ್ನ ಕೆಲಸ. ಬರುವವರು ಸಿಟ್ಟಿನಲ್ಲಿ ಬರೆದ ಮೇಲ್‌ಗಳ ದೊಡ್ಡ ಕಟ್ಟನ್ನೇ ತರುತ್ತಾರೆ. ಸುಟ್ಟ ಚಾರ್ಜರ್ ಎಲ್ಲಿ ಎಂದು ಕೇಳಿದರೆ, "ಅಯ್ಯೋ, ಅವತ್ತೇ ಬಿಸಾಡಿದೆ" ಅನ್ನುತ್ತಾರೆ. ನನಗೆ ಸಂಕಟವಾಗುತ್ತದೆ. ತನಿಖೆ ಮಾಡುವವರಿಗೆ ನಿಮ್ಮ ಹತ್ತು ಮೇಲ್‌ಗಿಂತ ಆ ಸುಟ್ಟ ಚಾರ್ಜರ್ ದೊಡ್ಡದು.

ಹಾಗಾಗಿ ವಸ್ತುವನ್ನು ಇದ್ದ ಹಾಗೇ ಇಡಿ. ಬಿಚ್ಚಬೇಡಿ, ಒರೆಸಬೇಡಿ, ರಿಪೇರಿಗೂ ಕೊಡಬೇಡಿ. ಊದಿಕೊಂಡ ಬ್ಯಾಟರಿಯಾದರೆ ಮಾತ್ರ ಜೀವ ಮೊದಲು: ಚಾರ್ಜ್ ಮಾಡಬೇಡಿ, ಮನೆಯ ಹೊರಗೆ, ಬೆಂಕಿ ಹಿಡಿಯುವಂಥದ್ದು ಏನೂ ಇಲ್ಲದ ಕಡೆ ಇಡಿ. ಹೊಗೆ ಬಂದರೆ ಫೋಟೋ ಆಸೆ ಬಿಟ್ಟು ದೂರ ಹೋಗಿ, ಅಗ್ನಿಶಾಮಕದವರನ್ನು ಕರೆಯಿರಿ.

ಫೋಟೋದಲ್ಲಿ ಹಾನಿಯ ಜೊತೆಗೆ ಲೇಬಲ್ ಕೂಡ ಬೇಕು. ಮಾಡೆಲ್, ಸೀರಿಯಲ್ ನಂಬರ್, ಬ್ಯಾಚ್ ನಂಬರ್ ಓದುವಷ್ಟು ಹತ್ತಿರದಿಂದ ತೆಗೆಯಿರಿ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನ್‌ಗಳಿಗೆ ಬೆಂಕಿ ಹತ್ತಿಕೊಂಡಿತು. ಕಂಪನಿ ವಾಪಸ್ ಪಡೆದು ಬೇರೆ ಫೋನ್ ಕೊಟ್ಟಿತು. ಬದಲಿಗೆ ಕೊಟ್ಟವುಗಳಲ್ಲೂ ಕೆಲವಕ್ಕೆ ಬೆಂಕಿ ಬಿತ್ತು. ಕೊನೆಗೆ ಆ ಮಾಡೆಲ್ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಟ್ಟದ್ದು ಹಳೆಯದೋ, ಬದಲಿ ಫೋನೋ ಎಂದು ಗೊತ್ತಾಗದಿದ್ದರೆ ಇಂಥ ತನಿಖೆ ಮುಂದೆ ಹೋಗುವುದು ಹೇಗೆ?

"ಕಳಿಸಿಕೊಡಿ, ಹೊಸದು ಕೊಡ್ತೀವಿ" ಎಂದು ಕಂಪನಿ ಹೇಳಬಹುದು. ಕೊಟ್ಟರೆ ಸಾಕ್ಷ್ಯವೂ ಅದರ ಜೊತೆ ಹೋಯಿತು, ಅಲ್ವಾ? ಯಾರಿಗಾದರೂ ಗಾಯವಾಗಿದ್ದರೆ ವಕೀಲರನ್ನು ಕೇಳದೆ ಕೊಡಲೇಬೇಡಿ.

ಆ್ಯಪ್ ಅಥವಾ ವೆಬ್‌ಸೈಟ್ ನಿಮ್ಮ ಮಾಹಿತಿ ಹಂಚಿಕೊಂಡಿದೆ ಎಂಬ ಅನುಮಾನವಿದ್ದರೂ ಲೆಕ್ಕ ಇದೇ. ಜನ ಮೊದಲು ಅಕೌಂಟ್ ಡಿಲೀಟ್ ಮಾಡಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ನೀವು ಒಪ್ಪಿಗೆ ಕೊಟ್ಟ ಪರದೆ, ಅನುಮತಿಗಳ ಪಟ್ಟಿ, ಪ್ರೈವಸಿ ಪಾಲಿಸಿ, ಎಲ್ಲವನ್ನೂ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪಾಲಿಸಿಯನ್ನು ಆಮೇಲೆ ತಿದ್ದಿದ್ದರೆ ಹಳೆಯ ಪ್ರತಿ ವೇಬ್ಯಾಕ್ ಮಷೀನ್ ಎಂಬ, ವೆಬ್ ಪುಟಗಳ ಹಳೆಯ ರೂಪ ಉಳಿಸಿಡುವ ವೆಬ್‌ಸೈಟ್‌ನಲ್ಲಿ ಸಿಗಬಹುದು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಫ್ಲೋ ಎಂಬ ಮುಟ್ಟಿನ ಲೆಕ್ಕದ ಆ್ಯಪ್ ಮೇಲೆ ಹೊರಿಸಿದ ಆರೋಪವನ್ನೇ ನೋಡಿ. ಆರೋಗ್ಯದ ಮಾಹಿತಿ ಗುಟ್ಟಾಗಿರುತ್ತದೆ ಎಂದು ಮಾತು ಕೊಟ್ಟು, ಅದನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳ ಜೊತೆ ಹಂಚಿಕೊಂಡಿತ್ತು ಎಂಬುದು ಆರೋಪ. ಕೊಟ್ಟ ಮಾತು ಏನಿತ್ತು ಎಂದು ತೋರಿಸಲು ಆ ಕಾಲದ ಪಾಲಿಸಿಯೇ ಬೇಕು.

ಆಮೇಲೆ ನಿಮ್ಮ ಬಗ್ಗೆ ಇರುವ ಮಾಹಿತಿಯ ಪ್ರತಿ ಕೇಳಿ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕಂಪನಿ ಉತ್ತರ ಕೊಡಬೇಕು. ಕಂಪ್ಯೂಟರ್ ಬಳಕೆ ಗೊತ್ತಿದ್ದವರು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಭಾಗ ತೆರೆದು ಪುಟವನ್ನು ಮತ್ತೆ ಲೋಡ್ ಮಾಡಿ. ಆ ಪುಟ ಬೇರೆ ಯಾವ ಯಾವ ಕಂಪನಿಯನ್ನು ಸಂಪರ್ಕಿಸುತ್ತಿದೆ ಎಂದು ಸಾಲು ಸಾಲಾಗಿ ಕಾಣುತ್ತದೆ. ಆ ಪಟ್ಟಿಯನ್ನು ಎಚ್‌ಎಆರ್ (HAR) ಎಂಬ ದಾಖಲೆ ಫೈಲ್ ಆಗಿ ಉಳಿಸಬಹುದು. ಆದರೆ ಅದರಲ್ಲಿ ನಿಮ್ಮ ಪಾಸ್‌ವರ್ಡ್, ಕುಕೀಗಳೂ (ನಿಮ್ಮನ್ನು ಗುರುತಿಸಲು ವೆಬ್‌ಸೈಟ್ ಬ್ರೌಸರ್‌ನಲ್ಲಿ ಇಡುವ ಮಾಹಿತಿ) ಇರಬಹುದು. ಸುಮ್ನೆ ಸಿಕ್ಕವರಿಗೆಲ್ಲ ಕಳಿಸಬೇಡಿ.

ಇನ್ನು ವಕೀಲರ ಸಂಸ್ಥೆಗಳು "ಈ ಉತ್ಪನ್ನದ ಬಗ್ಗೆ ತನಿಖೆ ಮಾಡುತ್ತಿದ್ದೇವೆ" ಎಂದು ಪ್ರಕಟಣೆ ಹಾಕುತ್ತವೆ. ಅದರರ್ಥ ಕೋರ್ಟಿನಲ್ಲಿ ಕೇಸ್ ಇದೆ ಎಂದಲ್ಲ. ಒಂದೇ ಥರದ ತೊಂದರೆಯಾದವರನ್ನು ಅವರು ಹುಡುಕುತ್ತಿರುತ್ತಾರೆ. ಫಾರ್ಮ್ ತುಂಬಿದ ಮಾತ್ರಕ್ಕೆ ಅವರು ನಿಮ್ಮ ವಕೀಲರಾಗುವುದಿಲ್ಲ. ಫೀಸ್ ಯಾರು ಕೊಡಬೇಕು, ಸೋತರೆ ಖರ್ಚು ಯಾರದು ಎಂದು ಬರಹದಲ್ಲಿ ಕೇಳಿ. ಮೊದಲೇ ದುಡ್ಡು ಕೇಳಿದರೆ ಸಂಸ್ಥೆ ನಿಜವೇ, ವಕೀಲರು ನೋಂದಾಯಿತರೇ ಎಂದು ಪರಿಶೀಲಿಸದೆ ಕೊಡಬೇಡಿ. ಸರ್ಕಾರಿ ನಿಯಂತ್ರಣ ಸಂಸ್ಥೆಗೂ ದೂರು ಕೊಡಿ. ಒಬ್ಬರ ತನಿಖೆಗಾಗಿ ಇನ್ನೊಬ್ಬರು ಕಾಯಬೇಕಿಲ್ಲ.

ಮಧ್ಯೆ ಕಂಪನಿ ಸ್ವಲ್ಪ ದುಡ್ಡು ಕೊಟ್ಟು ಒಂದು ಕಾಗದಕ್ಕೆ ಸಹಿ ಕೇಳಿದರೆ, "ಇನ್ನು ಯಾವ ಹಕ್ಕೊತ್ತಾಯವೂ ಇಲ್ಲ" ಎಂಬ ಸಾಲು ಇದೆಯೇ ನೋಡಿ. ಇದ್ದರೆ ಪೆನ್ನು ಕೆಳಗಿಟ್ಟು ವಕೀಲರಿಗೆ ತೋರಿಸಿ. ಕೇಸ್ ಹಾಕಲು ಕೊನೆಯ ದಿನಾಂಕ ಯಾವುದು ಎಂದೂ ಆಗಲೇ ಕೇಳಿಬಿಡಿ. ಯಾರೋ ತನಿಖೆ ಮಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಆ ಗಡುವು ನಿಲ್ಲುವುದಿಲ್ಲ.