ಸಕ್ಕರ್ ಮೀನಿಗೂ ಹಸಿವಾಗುತ್ತದೆ: ಮನೆಯ ಅಕ್ವೇರಿಯಂನಲ್ಲಿ ಪ್ಲೆಕೊ ಸಾಕುವುದು ಹೇಗೆ?

ರಾಯಚೂರಿನಲ್ಲಿ ಮೀನಿನ ಅಂಗಡಿಗೆ ಹೋಗಿ ‘ಗಾಜಿಗೆ ಪಾಚಿ ಹತ್ತಿದೆ’ ಎಂದರೆ ಸಾಕು, ‘ಒಂದು ಸಕ್ಕರ್ ಬಿಡ್ರಿ, ಎಲ್ಲಾ ಕ್ಲೀನ್ ಮಾಡ್ತದ’ ಎಂಬ ಉತ್ತರ ಬರುತ್ತದೆ. ಒರಟು ಮೈ, ಕಂದು ಚುಕ್ಕೆ, ಹೊಟ್ಟೆಯ ಕಡೆಗೆ ತಿರುಗಿದ ಬಾಯಿ: ಗಾಜಿಗೆ ಕಚ್ಚಿಕೊಂಡು ನಿಲ್ಲುವ ಆ ಬೆರಳುದ್ದದ ಮರಿಯೇ ಪ್ಲೆಕೊ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್‌ಗಳಿಗೆ ದಿನಕ್ಕೆರಡು ಸಲ ಕಾಳು ಹಾಕುವವರು ಇದಕ್ಕೆ ಮಾತ್ರ ಏನೂ ಹಾಕುವುದಿಲ್ಲ. ಪಾಚಿ ಇದೆಯಲ್ಲ, ಉಳಿದ ಮೀನುಗಳ ಹೇಲು ಇದೆಯಲ್ಲ ಎಂಬ ಧೈರ್ಯ. ಪ್ಲೆಕೊ ಹೇಲು ತಿಂದು ಬದುಕುವ ಮೀನಲ್ಲ. ಗಾಜಿನ ಮೇಲಿನ ಪಾಚಿ ಅದಕ್ಕೆ ಕೆಲವೇ ದಿನದ ಊಟ. ಆಮೇಲೆ ಯಾರಿಗೂ ಕಾಣದಂತೆ ಮೂಲೆಯಲ್ಲಿ ಸೊರಗುತ್ತದೆ. ಹಾಗೆ ಸೊರಗಿ ಸಾಯುವ ಮರಿಗಳು ಬಹಳ. ಅವನ್ನು ಉಳಿಸುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ತರುವ ಮೊದಲು ಅಳತೆ ನೋಡಿ

ಪ್ಲೆಕೊಗಳು ದಕ್ಷಿಣ ಅಮೆರಿಕದ ಹೊಳೆಗಳಿಗೆ ಸೇರಿದ ಕ್ಯಾಟ್‌ಫಿಶ್‌ಗಳು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾಮಾನ್ಯ ಜಾತಿ ಒಂದಡಿಗೂ ಮೀರಿ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಸುವ ನೀರು ಸುಮಾರು 56 ಲೀಟರ್. ಈ ಮೀನು ದೊಡ್ಡದಾದಾಗ ಅಲ್ಲಿ ತಿರುಗುವುದೇ ಕಷ್ಟ. ಅದಕ್ಕೆ ಬೇಕಾದದ್ದು ಆರಡಿ ಉದ್ದದ, 400 ಲೀಟರ್ ದಾಟಿದ ತೊಟ್ಟಿ. ಸಾಮಾನ್ಯ ಮನೆಗೆ ಹೊಂದುವುದು ಬ್ರಿಸಲ್‌ನೋಸ್ ಪ್ಲೆಕೊ. ಅದು ನಾಲ್ಕೈದು ಇಂಚಿಗೆ ನಿಲ್ಲುತ್ತದೆ, 100 ಲೀಟರ್ ತೊಟ್ಟಿ ಸಾಕು. ಬೆಲೆ ಸ್ವಲ್ಪ ಹೆಚ್ಚಾದರೂ ಅದನ್ನೇ ಕೇಳಿ ತನ್ನಿ.

ಅಡಗಲು ಮನೆ ಮಾಡಿ

ಹಗಲಲ್ಲಿ ಅವಿತುಕೊಳ್ಳಲು ಜಾಗವಿಲ್ಲದ ಪ್ಲೆಕೊ ಗಾಬರಿಯಲ್ಲೇ ಇರುತ್ತದೆ. ಒಡೆದ ಮಣ್ಣಿನ ಗಡಿಗೆಯ ಅರ್ಧ ಭಾಗವನ್ನು, ಅಂಚು ಉಜ್ಜಿ ನುಣುಪು ಮಾಡಿ, ಬೋರಲು ಹಾಕಿದರೆ ಗುಹೆ ಸಿದ್ಧ. ನಮ್ಮ ಕಡೆಯ ಗ್ರಾನೈಟ್ ಕಲ್ಲು ನೀರಿನ ಗುಣ ಕೆಡಿಸುವುದಿಲ್ಲ, ಧೈರ್ಯವಾಗಿ ಇಡಬಹುದು. ಶಹಾಬಾದ್ ಪರಸಿ ಸುಣ್ಣದ ಕಲ್ಲು. ಅದು ನಿಧಾನವಾಗಿ ಕರಗಿ, ಮೊದಲೇ ಗಡಸಾದ ಬೋರಿನ ನೀರನ್ನು ಇನ್ನೂ ಗಡಸು ಮಾಡುತ್ತದೆ. ಅನುಮಾನವಿದ್ದರೆ ಕಲ್ಲಿನ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಬೇಡ.

ಅಂಗಡಿಯಲ್ಲಿ ಸಿಗುವ ಡ್ರಿಫ್ಟ್‌ವುಡ್‌ನ (ತೊಟ್ಟಿಗೆ ಹಾಕುವ ಒಣ ಮರದ ಕೊರಡು) ಒಂದು ತುಂಡು ಇರಲಿ. ಬ್ರಿಸಲ್‌ನೋಸ್ ಅದನ್ನು ದಿನವೂ ಕೆರೆಯುತ್ತಿರುತ್ತದೆ. ಹೊಲದ ಬದುವಿನ ಬಳ್ಳಾರಿ ಜಾಲಿಯ ಹಸಿ ಕಟ್ಟಿಗೆ ಕಡಿದು ಹಾಕಬೇಡಿ. ಅದರ ರಸ, ಅಂಟು ನೀರಿಗಿಳಿಯುತ್ತದೆ.

ದೀಪ ಆರಿಸಿ ಊಟ ಹಾಕಿ

ಇದು ಎಲ್ಲಕ್ಕಿಂತ ಮುಖ್ಯ. ಪ್ಲೆಕೊ ರಾತ್ರಿ ತಿರುಗುವ ಮೀನು. ಹಗಲಲ್ಲಿ ಕಾಳು ಹಾಕಿದರೆ ಮೇಲಿನ ಮೀನುಗಳು ನುಂಗಿಬಿಡುತ್ತವೆ, ತಳಕ್ಕೆ ಏನೂ ಇಳಿಯುವುದಿಲ್ಲ. ಮೊದಲು ಉಳಿದ ಮೀನುಗಳಿಗೆ ಹಾಕಿ, ತೊಟ್ಟಿಯ ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು ಪ್ಲೆಕೊ ಪಾಲನ್ನು ಅದರ ಗುಹೆಯ ಹತ್ತಿರ ಇಳಿಸಿ.

ಏನು ಹಾಕಬೇಕು? ಮುಳುಗುವ ಆಲ್ಗೆ ವೇಫರ್ (ಪಾಚಿ ಬೆರೆಸಿದ ಒಣ ಆಹಾರದ ಬಿಲ್ಲೆ) ದಿನಬಳಕೆಗೆ ಒಳ್ಳೆಯದು. ಮೂರ್ನಾಲ್ಕು ಇಂಚಿನ ಮೀನಿಗೆ ರಾತ್ರಿಗೊಂದರಿಂದ ಶುರು ಮಾಡಿ. ಬೆಳಿಗ್ಗೆ ಉಳಿದಿದ್ದರೆ ಅರ್ಧಕ್ಕೆ ಇಳಿಸಿ. ಆದರೆ ವೇಫರ್ ಒಂದನ್ನೇ ನಂಬಬೇಡಿ, ವಾರದಲ್ಲಿ ಎರಡು ಮೂರು ರಾತ್ರಿ ಕಾಯಿಪಲ್ಯ ಕೊಡಿ. ಸವತೆಕಾಯಿ ಎಲ್ಲರ ಮನೆಯಲ್ಲೂ ಇರುತ್ತದೆ. ಸಿಪ್ಪೆ ತೆಗೆದು, ಬೆರಳು ದಪ್ಪದ ಬಿಲ್ಲೆ ಕೊಯ್ದು ಹಸಿಯಾಗಿಯೇ ಹಾಕಬಹುದು. ಅದು ತೇಲುವುದರಿಂದ ಒಂದು ಸ್ಟೀಲ್ ಫೋರ್ಕ್ ಚುಚ್ಚಿ ಮುಳುಗಿಸಿ. ಎಳೆ ಹೀರೆಕಾಯಿ, ಪಾಲಕ್ ಎಲೆಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಆರಿಸಿ ಕೊಡಿ. ಬಟಾಣಿಯನ್ನು ಬೇಯಿಸಿ ಸಿಪ್ಪೆ ಸುಲಿಯಬೇಕು. ಸಂತೆಯಿಂದ ತಂದ ಕಾಯಿಪಲ್ಯಕ್ಕೆ ಔಷಧಿ ಹೊಡೆದಿರುತ್ತಾರೆ. ಚೆನ್ನಾಗಿ ತೊಳೆಯದೆ ತೊಟ್ಟಿಗೆ ಇಳಿಸಬೇಡಿ. ಉಪ್ಪು, ಎಣ್ಣೆ, ಒಗ್ಗರಣೆ ಸೋಕಿದ್ದು ಯಾವುದೂ ಬೇಡ. ಕೆರೆಯ ಮೀನಿಗೆ ಎಸೆಯುವ ಹಾಗೆ ಮಂಡಕ್ಕಿ, ರೊಟ್ಟಿ ಚೂರು ಹಾಕುವುದೂ ಬೇಡ, ನೀರು ಹುಳಿಯುತ್ತದೆ.

ಮೊದಲ ದಿನ ಸವತೆಕಾಯಿಯನ್ನು ಮೂಸಿಯೂ ನೋಡದಿರಬಹುದು. ಮೂರ್ನಾಲ್ಕು ರಾತ್ರಿ ಇಡುತ್ತಾ ಹೋಗಿ, ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ. ವಾರಕ್ಕೊಮ್ಮೆ ತಳಕ್ಕಿಳಿಯುವ ಸೀಗಡಿ ಪೆಲೆಟ್ ಅಥವಾ ಫ್ರೋಜನ್ ಬ್ಲಡ್‌ವರ್ಮ್ (ಮೀನಿಗೆ ಹಾಕುವ ಸಣ್ಣ ಕೆಂಪು ಹುಳು) ಸ್ವಲ್ಪ ಕೊಟ್ಟರೆ ಸಾಕು. ಉಳಿದ ತರಕಾರಿಯನ್ನು ಬೆಳಿಗ್ಗೆ ಎದ್ದ ಕೂಡಲೇ ತೆಗೆಯಿರಿ. ನಮ್ಮ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಅದು ಕೊಳೆತು ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ.

ಊಟ ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಈ ಮೀನಿನಷ್ಟು ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಅದು ಗಾಜಿಗೆ ಅಂಟಿದಾಗ ಹೊರಗಿನಿಂದ ಹೊಟ್ಟೆ ನೇರ ಕಾಣುತ್ತದೆ. ಹೊಟ್ಟೆ ಸಮವಾಗಿ ಅಥವಾ ತುಸು ಉಬ್ಬಿ ಇದ್ದರೆ ಚಿಂತೆಯಿಲ್ಲ. ಒಳಕ್ಕೆ ಗುಂಡಿ ಬಿದ್ದಿದ್ದರೆ, ಅದರ ಜೊತೆ ಕಣ್ಣೂ ಒಳಗೆ ಹೋಗಿದ್ದರೆ, ಅದು ಬಹಳ ದಿನದಿಂದ ಉಪವಾಸವಿದೆ. ಅಂಗಡಿಯಲ್ಲಿ ಆರಿಸುವಾಗಲೂ ಇದನ್ನೇ ನೋಡಿ.

ಅದರ ನಡತೆ ಗಮನಿಸಿ

ಹಗಲೆಲ್ಲ ಅಲುಗಾಡದೆ ಬಿದ್ದಿದ್ದರೆ ಕಾಯಿಲೆ ಎಂದುಕೊಂಡು ಕೋಲಿನಿಂದ ತಿವಿಯಬೇಡಿ. ಅದು ಅದರ ವಿಶ್ರಾಂತಿಯ ಹೊತ್ತು. ಕಣ್ಣನ್ನೇ ಹತ್ತಿರದಿಂದ ನೋಡಿ: ಬೆಳಕಿನಲ್ಲಿ ಪಾಪೆಯ ಮೇಲೆ ಪುಟ್ಟ ಪರದೆಯೊಂದು ಇಳಿದಿರುತ್ತದೆ, ಕತ್ತಲಾದಂತೆ ಅದು ಸರಿದು ಪಾಪೆ ದುಂಡಗಾಗುತ್ತದೆ. ರಾತ್ರಿಗೆಂದೇ ಹುಟ್ಟಿದ ಕಣ್ಣು ಅದು.

ಗೋಲ್ಡ್‌ಫಿಶ್, ಏಂಜೆಲ್‌ನಂಥ ನಿಧಾನದ, ಅಗಲ ಮೈಯ ಮೀನಿನ ಪಕ್ಕೆಗೆ ಅಂಟುತ್ತಿದೆ ಎಂಬ ದೂರು ಬಹಳ ಮನೆಗಳದ್ದು. ಪ್ಲೆಕೊ ಅವುಗಳ ಮೈಮೇಲಿನ ಲೋಳೆಯನ್ನು ಕೆರೆದು ತಿನ್ನುತ್ತದೆ. ಅಲ್ಲಿ ಗಾಯವಾಗಿ ಸೋಂಕು ತಗಲುತ್ತದೆ. ಹೀಗಾಗುವುದು ಹೆಚ್ಚಾಗಿ ರಾತ್ರಿ ಊಟ ಸಿಗದ ಪ್ಲೆಕೊದಿಂದ. ಊಟ ಹಾಕಿದ ಮೇಲೂ ಬಿಡದಿದ್ದರೆ ಎರಡನ್ನೂ ಬೇರೆ ಮಾಡಲೇಬೇಕು. ಒಂದೇ ತೊಟ್ಟಿಗೆ ಎರಡು ಗಂಡು ಬಿಟ್ಟರೆ ಗುಹೆಗಾಗಿ ಜಗಳ ನಿಶ್ಚಿತ. ಬ್ರಿಸಲ್‌ನೋಸ್ ಗಂಡನ್ನು ಮೂತಿಯ ಮೇಲಿನ ಕವಲೊಡೆದ ಮೀಸೆಗಳಿಂದ ಗುರುತಿಸಬಹುದು.

ಆಗೊಮ್ಮೆ ಈಗೊಮ್ಮೆ ಸರ್ರನೆ ಮೇಲೆ ಹೋಗಿ ಗಾಳಿ ನುಂಗಿ ಇಳಿಯುವುದು ಸಹಜ. ನುಂಗಿದ ಗಾಳಿಯ ಆಮ್ಲಜನಕವನ್ನು ಹೊಟ್ಟೆಯ ಮೂಲಕವೇ ಹೀರಿಕೊಳ್ಳಬಲ್ಲ ಮೀನಿದು. ಆದರೆ ಮತ್ತೆ ಮತ್ತೆ ಮೇಲೇರುತ್ತಿದ್ದರೆ ನೀರಿನಲ್ಲಿ ಉಸಿರು ಕಮ್ಮಿಯಾಗಿದೆ ಎಂದು ತಿಳಿಯಿರಿ.

ಏಪ್ರಿಲ್, ಮೇ ತಿಂಗಳ ಎಚ್ಚರ

ಪ್ಲೆಕೊಗೆ ಹಿತವಾದ ನೀರು 24ರಿಂದ 28 ಡಿಗ್ರಿಯದು. ಹೊರಗೆ 40 ದಾಟುವ ನಮ್ಮ ಬೇಸಿಗೆಯಲ್ಲಿ ತೊಟ್ಟಿಯೂ 30 ಮೀರುತ್ತದೆ, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಏರ್ ಪಂಪ್ ಹಗಲೂ ರಾತ್ರಿ ನಡೆಯಲಿ. ಕರೆಂಟ್ ಹೋದಾಗಲೂ ನಿಲ್ಲದಂತೆ ಇನ್ವರ್ಟರ್‌ಗೆ ಸೇರಿಸಿ, ಇಲ್ಲವೇ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಗಾಜಿನ ಮುಚ್ಚಳದ ಬದಲು ಜಾಳಿಗೆ ಹಾಕಿ ಮೇಲೆ ಫ್ಯಾನ್ ಗಾಳಿ ಬೀಸುವಂತೆ ಮಾಡಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ.

ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಬೇಕು, ಏಕೆಂದರೆ ಪ್ಲೆಕೊ ತಿಂದಷ್ಟೇ ಹೊಲಸೂ ಮಾಡುತ್ತದೆ. ಮಾಳಿಗೆಯ ಸಿಂಟೆಕ್ಸ್‌ನಿಂದ ಮಧ್ಯಾಹ್ನ ಬರುವ ಸುಡುನೀರನ್ನು ಮಾತ್ರ ಸುರಿಯಬೇಡಿ. ಬೆಳಿಗ್ಗೆಯೇ ಬಕೆಟ್‌ನಲ್ಲಿ ಹಿಡಿದು ನೆರಳಿನಲ್ಲಿಡಿ, ನಳದ ನೀರಾದರೆ ಆ್ಯಂಟಿ ಕ್ಲೋರಿನ್ ಹನಿ ಹಾಕಿ, ಸಂಜೆ ಬದಲಿಸಿ.

ತೊಟ್ಟಿ ಸಾಲದಾದರೆ

ಮೀನು ದೊಡ್ಡದಾಯಿತು ಎಂದು ತುಂಗಭದ್ರಾ ಎಡದಂಡೆ ಕಾಲುವೆಗೋ, ಕೃಷ್ಣೆಗೋ, ಊರ ಕೆರೆಗೋ ಬಿಡಬೇಡಿ. ಆಂಧ್ರ, ತೆಲಂಗಾಣದ ನೀರಿನಲ್ಲಿ ಈ ಮೀನು ಈಗಾಗಲೇ ನೆಲೆಯೂರಿದೆ. ಒರಟು ಮೈಯ ಮುಳ್ಳುಗಳು ಬಲೆ ಹರಿಯುತ್ತವೆ, ಬಲೆ ತುಂಬಿದರೂ ಮಾರಾಟಕ್ಕೆ ಬಾರದು. ಗಂಡು ಮೀನು ಮೊಟ್ಟೆ ಕಾಯಲು ಮಣ್ಣಿನ ದಂಡೆಯಲ್ಲಿ ಬಿಲ ತೋಡುತ್ತದೆ, ಮಣ್ಣು ಕುಸಿಯುತ್ತದೆ. ಕಾಲುವೆಯನ್ನೇ ನಂಬಿ ಭತ್ತ ಬೆಳೆಯುವ ಸೀಮೆ ನಮ್ಮದು, ಇಲ್ಲಿ ಅದು ಆಗಬಾರದು.

ತಂದ ಅಂಗಡಿಯವರನ್ನೇ ಕೇಳಿ, ದೊಡ್ಡ ತೊಟ್ಟಿ ಇರುವವರನ್ನು ವಿಚಾರಿಸಿ. ಸಾಗಿಸುವಾಗ ಬಲೆಯಿಂದ ಹಿಡಿಯಬೇಡಿ, ರೆಕ್ಕೆಯ ಮುಳ್ಳು ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ನೀರಿನೊಳಗೇ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಅಡ್ಡ ಹಿಡಿದು ಮೀನನ್ನು ಅದರೊಳಗೆ ನಿಧಾನವಾಗಿ ಓಡಿಸಿ, ಅದೇ ನೀರಿನ ಸಮೇತ ಎತ್ತಿ ಮುಚ್ಚಳಕ್ಕೆ ತೂತು ಮಾಡಿ ಒಯ್ಯಿರಿ. ಪ್ಲಾಸ್ಟಿಕ್ ಚೀಲವಾದರೆ ಒಂದರೊಳಗೊಂದು ಎರಡು ಹಾಕಿ, ಮುಳ್ಳು ಚುಚ್ಚಿ ನೀರು ಸೋರಬಹುದು.